ಚಪ್ಪಲಿ ಹೂತಲ್ಲಿಂದ ಆಚೆ

ಪಚಕ್.

ಆ ಸದ್ದನ್ನು ಕಾಗದದ ಮೇಲೆ ಹೇಗೆ ಬರೆಯುವುದೆಂದು ಬೆಳಗಿನಿಂದ ಒದ್ದಾಡಿ, ಕೊನೆಗೆ ಇಷ್ಟಕ್ಕೆ ಬಂದು ನಿಂತಿದ್ದೇನೆ. ಕರಿ ಎರೆಮಣ್ಣಿನ ಕೆಸರಿನಲ್ಲಿ ಹೂತುಹೋದ ದಪ್ಪ ತೊಗಲಿನ ಚಪ್ಪಲಿಯನ್ನು ಒಬ್ಬ ಭಾರಿ ಹೆಂಗಸು ಕಾಲಿನಿಂದ ಎಳೆದಾಗ ಹುಟ್ಟುವ ಸದ್ದು ಅದು. ಮೊದಲು ಪಚಕ್. ಆಮೇಲೆ ಒಂದು ಗಳಿಗೆ ಮೌನ. ಆಮೇಲೆ ಅದೇ ಹೆಂಗಸಿನ ಗಂಟಲು, ಕೆರೆಯ ಆಚೆ ದಂಡೆಗೂ ಕೇಳುವಂತೆ: "ಇಲ್ಲಿಗಿ ಬಂತ್ ನೋಡ್ರಿ ಗಡಿ! ಈ ಕಡಿ ನಮ್ದು, ಆ ಕಡಿ ಅವರ್ದು!"

ಅವರು ಅಂದರೆ ಹಕ್ಕಿಗಳು.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಹೈದರಾಬಾದಿನ ನಮ್ಮ ಶಾಲೆಯ ಕಾರಿಡಾರಿನಲ್ಲಿ ಹುಡುಗಿಯರು ಬೂಟು ಬಡಿದು ನಡೆದರೆ ಸಿಸ್ಟರ್ ಬಾಗಿಲಿನಿಂದ ತಲೆ ಹೊರಹಾಕಿ, "ಲೈಟ್ಲಿ ಗರ್ಲ್ಸ್, ಲೈಟ್ಲಿ" ಎನ್ನುತ್ತಿದ್ದರು. ಅದು ಎಷ್ಟು ಮೈಗೂಡಿತೆಂದರೆ, ಮುಂದೆ ಬೀದರಿನಲ್ಲಿ ನಾನು ಇಂಗ್ಲಿಷ್ ಟೀಚರ್ ಆದಾಗ ನಾನು ಕ್ಲಾಸಿಗೆ ಬಂದದ್ದೇ ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಮಂಗನಾಟ ಆಡುತ್ತಿದ್ದವರು ತಿರುಗಿ ನೋಡಿದರೆ ನಾನು ಟೇಬಲ್ಲಿನ ಹಿಂದೆ. ಅಂಥ ನನಗೆ ನಿವೃತ್ತಿಯಾದ ಮೇಲೆ, ಬಿಳಿಗೂದಲು ಬಂದ ಮೇಲೆ, ಒಂದು ಕೆರೆಯ ಸಲುವಾಗಿ ನಡೆಯುವುದು ಹೇಗೆಂದು ಹೊಸದಾಗಿ ಪಾಠ ಹೇಳಿದವಳು ಮಾವಶಿ.

ಮಾವಶಿ ಎಂದರೆ ತಾಯಿಯ ತಂಗಿ. ಮರಾಠಿಯಿಂದ ನಮ್ಮ ಕಡೆಗೆ ಬಂದ ಮಾತು. ಆಕೆ ನನಗೆ ಯಾವ ರೀತಿಯ ನೆಂಟಳೂ ಅಲ್ಲ. ಊರಿಗೆಲ್ಲ ಮಾವಶಿ, ಬಸ್ ಕಂಡಕ್ಟರನಿಗೂ ಮಾವಶಿ, ಆದ್ದರಿಂದ ನನಗೂ ಮಾವಶಿ. ನಿಜವಾದ ಹೆಸರು ಬರೆಯುವುದಿಲ್ಲ. ಕೆರೆಯ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಬರುವ ರವಿವಾರವೇ ನೀವೆಲ್ಲ ಚಿಪ್ಸ್ ಪಾಕೀಟು ಹಿಡಿದುಕೊಂಡು ಬಂದುಬಿಡುತ್ತೀರಿ. ಸಂತಪುರದಿಂದ ಒಳಗೆ ಹೋದರೆ ಸಿಗುತ್ತದೆ ಎಂದಷ್ಟೇ ಇಟ್ಟುಕೊಳ್ಳಿ. ಹೋದ ಶ್ರಾವಣದಲ್ಲಿ ಮಾವಶಿಯ ಮಗಳು ಭಾಲ್ಕಿಯಿಂದ ಫೋನ್ ಮಾಡಿ, "ಅವ್ವ ಹೋದಳ್ರಿ" ಎಂದಳು. ಅಂದಿನಿಂದ ಆ ಪಚಕ್ ನನ್ನ ಕಿವಿಯಲ್ಲಿ ಮನೆ ಮಾಡಿದೆ.

ನಮ್ಮವರು ನೀರಾವರಿ ಇಲಾಖೆಯಲ್ಲಿದ್ದವರು. ಪೆನ್ಷನ್ ಬರಲು ಶುರುವಾದದ್ದೇ ತಡ, ಅವರಿಗೆ ಹಕ್ಕಿಯ ಹುಚ್ಚು ಹಿಡಿಯಿತು. ಚಳಿಗಾಲ ಬಂತೆಂದರೆ ಬೀದರ್ ಪಕ್ಕದ ಚಿದ್ರಿಯ ನಮ್ಮ ಮನೆಯಿಂದ ಹಳೆಯ ಮಾರುತಿ ವ್ಯಾನು ಹೊರಡುವುದು: ಅವರ ಕಡೆ ದುರ್ಬೀನು, ಅದನ್ನು ನಿಲ್ಲಿಸಲು ಮೂರು ಕಾಲಿನ ಸ್ಟ್ಯಾಂಡು; ನನ್ನ ಕಡೆ ಥರ್ಮಾಸ್, ಕಾದಂಬರಿ, ಮತ್ತು ಅಪಾರ ಬೇಸರ. ಐ ವಾಸ್ ನಾಟ್ ಎ ಬರ್ಡ್ ಪರ್ಸನ್. ಇವರ ಜೊತೆ ಹೋಗದಿದ್ದರೆ ಊಟದ ಹೊತ್ತು ಮರೆಯುತ್ತಾರೆಂದು ಹೋಗುತ್ತಿದ್ದೆ.

ಮೊದಲ ಸಲ ಆ ಕೆರೆಗೆ ಹೋದ ದಿನ ನಮಗೆ ಎಲ್ಲಕ್ಕಿಂತ ಮುಂಚೆ ಡಬ್ಬಿಯ ಸದ್ದು ಎದುರಾಯಿತು. ಯಾರೋ ಖಾಲಿ ಎಣ್ಣೆಡಬ್ಬಿಯನ್ನು ಕೋಲಿನಿಂದ ಬಡಿಯುತ್ತಿದ್ದರು. ನೀರು ಹಿಂದೆ ಸರಿದ ಕೆರೆಯಂಗಳದಲ್ಲಿ ಹಸಿರು ಕಡಲೆ. ಕಡಲೆಯ ಮೇಲೆ ಬೂದುಬಣ್ಣದ ದೊಡ್ಡ ಕೊಕ್ಕರೆಗಳ ಹಿಂಡು. ಹಿಂಡಿನ ಮೇಲೆ ನುಗ್ಗುತ್ತಿದ್ದ ಒಬ್ಬ ಎತ್ತರದ, ದಪ್ಪ ಹೆಂಗಸು. ನಮ್ಮವರು ಸ್ಟ್ಯಾಂಡು ಬಿಡಿಸಿ ನಿಲ್ಲಿಸಿದ್ದನ್ನು ಕಂಡು ಆಕೆ ಹಕ್ಕಿಗಳನ್ನು ಬಿಟ್ಟು ನಮ್ಮ ಕಡೆ ತಿರುಗಿದಳು.

"ಯಾರ್ರಿ ನೀವು? ಕೆರಿ ಅಳತಿ ಮಾಡ್ಲಾಕ ಬಂದೀರೇನು? ಇದು ನಮ್ಮ ಹಿರ್ಯಾರ ಕಾಲದಿಂದ ಬಿತ್ತೊ ಜಾಗಾ. ಅಳಿಯೋದಿದ್ರ ನಿಮ್ಮ ಮನಿ ಅಂಗಳ ಅಳೀರಿ!"

"ಇಲ್ಲಮ್ಮಾ, ಹಕ್ಕಿ ನೋಡಲಿಕ್ಕೆ ಬಂದೇವಿ," ಎಂದರು ನಮ್ಮವರು.

"ಹಕ್ಕಿ ನೋಡ್ಲಾಕ? ಬೀದರದಾಗ ಹಕ್ಕಿ ಇಲ್ಲೇನ್ರಿ?"

ಇವರು ದುರ್ಬೀನನ್ನು ಆಕೆಯ ಕಡೆ ತಿರುಗಿಸಿದರು. ಮಾವಶಿ ಸೆರಗು ಬಿಗಿದು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದಳು. ಅಲ್ಲಿಂದ ಕಣ್ಣು ಕೀಳಲೇ ಇಲ್ಲ. ನನಗೆ ಖುಷಿಯಾಯಿತು, ಪ್ರಕೃತಿಯ ಬ್ಯೂಟಿ ಈ ಹೆಂಗಸಿನ ಮನಸ್ಸನ್ನು ತಟ್ಟಿತು ಎಂದುಕೊಂಡೆ. ಆಕೆ ಕಿರುಚಿದಳು:

"ಅಯ್ಯಯ್ಯ! ಬಾಯಾಗ ನಂದೇ ಕಡ್ಲಿ ಅದ ನೋಡ್ರಿ ಕಳ್ಳಿದು!"

ನಮ್ಮ ಪರಿಚಯ ಹೀಗೆ ಶುರುವಾಯಿತು. ಆ ದಿನ ನಮ್ಮ ಥರ್ಮಾಸಿನ ಛಾ ಕುಡಿದು, "ಸಕ್ರಿ ಕಡಿಮಿ ಆಗ್ಯಾದ" ಎಂದು ಹೇಳಿ, ಹೋಗುವಾಗ ಎಳೆಯ ಕಡಲೆಗಿಡದ ಒಂದು ಹೊರೆಯನ್ನು ವ್ಯಾನಿನೊಳಗೆ ತುರುಕಿದಳು. ಚಿದ್ರಿ ಮುಟ್ಟುವ ತನಕ ನಾವಿಬ್ಬರೂ ಸುಲಗಾಯಿ ಬಿಡಿಸಿ ತಿನ್ನುತ್ತ ಬಂದೆವು. ಕೆರೆಯಂಗಳದ ಕಡಲೆಗೆ ಒಂದು ರುಚಿ ಇದೆ. ಹಕ್ಕಿಗಳನ್ನು ನಾನು ಅಂದೇ ಕ್ಷಮಿಸಿಬಿಟ್ಟೆ.

ಮಾವಶಿಯ ಮಾತಿನ ಬಗ್ಗೆ ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಆಕೆ ಯಾರನ್ನು ಬೈದರೂ 'ರಿ' ಹಚ್ಚಿಯೇ ಬೈಯುತ್ತಿದ್ದಳು. "ನಿಮಗ ಬುದ್ಧಿ ಇಲ್ಲೇನ್ರಿ, ಕತ್ತಿ ಇದ್ದಂಗ ಇದ್ದೀರಲ್ರಿ" ಎಂದು ಗಂಡಸರಿಗೆ ಮರ್ಯಾದೆಯಿಂದಲೇ ಕತ್ತೆ ಎನ್ನುತ್ತಿದ್ದಳು. 'ರಿ' ಇಲ್ಲದೆ ಮಾತಾಡುತ್ತಿದ್ದದ್ದು ಮಗಳ ಹತ್ತಿರ, ಕುರಿಗಳ ಹತ್ತಿರ, ಮತ್ತೆ ಸೋಮವಾರ ಗುಡಿಯಲ್ಲಿ ಬಸವಣ್ಣನ ಹತ್ತಿರ. ನನಗೆ ಮಾತ್ರ ಕೊನೆಯ ತನಕ "ಟೀಚರಬಾಯಿ, ಹಂಗಲ್ರಿ, ಹಿಂಗ್ರಿ." ಹೆಚ್ಚುಕಡಿಮೆ ಕೊನೆಯ ತನಕ.

ಆಕೆಗೆ ಹಕ್ಕಿಗಳ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಮಾತ್ರ ಆಕೆಗೆ ಗೊತ್ತಿರಲಿಲ್ಲ. ಎಲ್ಲದಕ್ಕೂ ತನ್ನದೇ ಹೆಸರಿಟ್ಟಿದ್ದಳು. ಕಡಲೆ ಕದಿಯುವ ಬೂದು ಕೊಕ್ಕರೆಗೆ ಪುಸ್ತಕದಲ್ಲಿ ಡೆಮೊಯ್ಸೆಲ್ ಕ್ರೇನ್ ಎಂದು ಹೆಸರು. ಡೆಮೊಯ್ಸೆಲ್ ಎಂದರೆ ಫ್ರೆಂಚಿನಲ್ಲಿ ಮದುವೆಯಾಗದ ಹುಡುಗಿ. ಮಾವಶಿ ಅದನ್ನು ಕೇಳಿ ನಕ್ಕುಬಿಟ್ಟಳು. "ಮದಿವಿ ಆಗಿಲ್ಲ? ಕಿವಿಯಾಗ ಬೆಳ್ಳಗ ಝುಮಕಿ ಹ್ಯಾಂಗ ಜೋತ್ ಬಿದ್ದಾವ ನೋಡ್ರಿ. ನಡಿಗಿ ನೋಡ್ರಿ. ಇವು ನವಾಬನ ಸೊಸಿಗೋಳು. ದುಡಿಯೋದಿಲ್ಲ ದುಃಖ ಬಡಿಯೋದಿಲ್ಲ, ಮಂದಿ ಹೊಲದಾಗ ಊಟ." ಕಣ್ಣಿನ ಹಿಂದಿನಿಂದ ಇಳಿಬಿದ್ದ ಆ ಬಿಳಿ ಕುಚ್ಚನ್ನು ನೋಡಿದ ಯಾರೂ ಈ ಹೆಸರನ್ನು ತಪ್ಪೆನ್ನಲಾರರು. ಉದ್ದ ಕೆಂಪು ಕಾಲಿನ ಸಣ್ಣ ಹಕ್ಕಿ 'ಚೂಡಿದಾರ'. ಬಿಳಿ ತಲೆಯ ಮೇಲೆ ಎರಡು ಕರಿಪಟ್ಟಿ ಇರುವ ಬಾತುಕೋಳಿಗೆ 'ವಿಭೂತಿ ಬಾತು'.

"ವಿಭೂತಿ ಮೂರು ಗೆರೆ ಅಲ್ಲವೇನು ಮಾವಶಿ? ಇದಕ್ಕೆ ಎರಡೇ ಇವೆ, ಅದೂ ಕಪ್ಪು," ಎಂದೆ ನಾನು, ಟೀಚರಿನ ಚಟ.

"ದೂರದಿಂದ ಬಂದಾದ್ರಿ. ದಾರ್ಯಾಗ ಒಂದು ಅಳಿಸಿ ಹೋಗ್ಯಾದ. ಬಿಸಲಿಗಿ ಕರ್ರಗ ಆಗ್ಯಾದ."

ದೂರದಿಂದ ಎಂದರೆ ಎಲ್ಲಿಂದ? ಅದನ್ನೂ ಒಂದು ದಿನ ಕೇಳಿದಳು. ನಮ್ಮವರಿಗೆ ಅದಕ್ಕಿಂತ ಇಷ್ಟದ ಪ್ರಶ್ನೆ ಬೇರೆ ಇರಲಿಲ್ಲ. ಹಿಮಾಲಯ, ಗಾಳಿ, ರೆಕ್ಕೆ ಎಂದೆಲ್ಲ ಕೈಯಾಡಿಸಿ ವರ್ಣಿಸಿ, "ಮಂಗೋಲಿಯಾದಿಂದ ಬರ್ತಾವ ಮಾವಶಿ, ಮಂಗೋಲಿಯಾ!" ಎಂದರು.

ಮಾವಶಿ ಡಬ್ಬಿ ಬಡಿಯುವ ಕೋಲನ್ನು ಕೆಳಗಿಟ್ಟಳು.

"ಮಂಗಳವೇಡಾದಿಂದ?"

"ಮಂಗೋ..."

"ಬಸವಣ್ಣ ಇದ್ದ ಊರಿಂದ! ಮದಲ ಯಾಕ ಹೇಳಲಿಲ್ರಿ ಸಾಹೇಬ್ರ?" ಆಕೆ ಬಾತುಗಳ ಕಡೆ ನೋಡಿ ತಲೆಯ ಮೇಲೆ ಸೆರಗು ಹೊದ್ದಳು. "ಅದಕ್ಕೇ ಮತ್ತ ವಿಭೂತಿ. ನಾ ಅಂದಿದ್ದಿಲ್ಲೇನು?"

ನಮ್ಮವರು ತಿದ್ದಲು ಮತ್ತೊಮ್ಮೆ ಬಾಯಿ ತೆರೆದರು. ನಾನು ಛಾದ ಕಪ್ಪನ್ನು ಅವರ ಕೈಗಿಟ್ಟೆ. ವಾರದೊಳಗೆ ಊರೆಲ್ಲ ಸುದ್ದಿ: ಕೆರೆಗೆ ಬರುವ ಹಕ್ಕಿಗಳು ಮಂಗಳವೇಡೆಯಿಂದ ಬರುವ ಅತಿಥಿಗಳು. ಅದರ ಮೇಲೆ ಆಕೆ ಡಬ್ಬಿ ಬಡಿಯುವುದನ್ನು ನಿಲ್ಲಿಸಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಬಡಿಯುತ್ತಿದ್ದಳು, ಆದರೆ ಬಡಿಯುತ್ತ, "ತಪ್ಪ ತಿಳಕೋಬ್ಯಾಡ್ರೆವ್ವಾ, ಎದ್ದ ನಡೀರಿ" ಎನ್ನುತ್ತಿದ್ದಳು. ಹಕ್ಕಿಗಳಿಗೂ 'ರಿ' ಸಿಕ್ಕಿತು.

ಕೆರೆಯ ಚರಿತ್ರೆಯನ್ನೂ ನಾನು ಆಕೆಯಿಂದಲೇ ಕೇಳಿದ್ದು. ಕಮಠಾಣದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವಳಾದರೂ ಈ ಕೆರೆಯ ವಿಷಯಕ್ಕೆ ಆಕೆಯೇ ಅಥಾರಿಟಿ. "ಇದು ನಮ್ಮ ಮಾವನ ಅಪ್ಪ ಅಗದ ಕೆರಿ" ಎನ್ನುವಳು. ಕಲ್ಲಿನ ತೂಬನ್ನು ತಡವಿ ನೋಡಿದ್ದ ನಮ್ಮವರು, "ಇದು ಸುಲ್ತಾನರ ಕಾಲದ್ದು ಇದ್ದಂತೆ ಕಾಣ್ತದ" ಎಂದರೆ, "ಸುಲ್ತಾನ ಬಾಯಲೆ ಹೇಳಿರಬೇಕ್ರಿ. ಅಗದದ್ದು ಯಾರು?" ಎಂದು ಮುಗಿಸುವಳು.

ಆಕೆಯ ಮಾವ ಹುಡುಗನಾಗಿದ್ದಾಗ, ನಿಜಾಮರ ಕಾಲದಲ್ಲಿ, ಚಳಿಗಾಲಕ್ಕೆ ದೊಡ್ಡ ಸಾಹೇಬರು ಬಾತುಕೋಳಿ ಬೇಟೆಗೆ ಬರುತ್ತಿದ್ದರಂತೆ. ದಂಡೆಯ ಮೇಲೆ ಡೇರೆ, ಬಾವರ್ಚಿ, ಬಿರಿಯಾನಿ. ಗುಂಡು ತಾಗಿ ಬಿದ್ದ ಹಕ್ಕಿಯನ್ನು ನೀರಿಗಿಳಿದು ತರುವ ಕೆಲಸ ಊರಿನ ಹುಡುಗರಿಗೆ. ಈತ ಲಿಂಗ ಕಟ್ಟಿಕೊಂಡವನು, ಮಾಂಸ ಮುಟ್ಟುವವನಲ್ಲ; ಇಲ್ಲ ಎನ್ನುವ ಹಾಗೂ ಇಲ್ಲ.

"ಅದಕ್ಕ ಏನು ಮಾಡ್ದ ಗೊತ್ತದೇನ್ರಿ? ಸಾಹೇಬ ಬಂದೂಕ ಎತ್ತಿದ ಕೂಡ್ಲೇ ನಮ್ಮ ಮಾವ ಆಪಿನ ಹುಲ್ಲಿನಾಗ ಕುಂತು ಕೆಮ್ಮತಿದ್ದ. ಕೆಮ್ಮು ಇದ್ದಿದ್ದಿಲ್ಲ, ಸುಳ್ಳೇ. ಖೊಕ್ ಖೊಕ್ ಖೊಕ್! ಹಕ್ಕಿ ಭರ್ರಂತ ಎದ್ದು ಹೋಗ್ತಿದ್ವು. ಸಾಹೇಬಗ ಪಾಪ ಅನಸ್ತು. ಹೈದರಾಬಾದಿಂದ ಕೆಮ್ಮಿನ ದವಾ ಕಳಿಸ್ಕೊಟ್ಟ!"

ಆ ದವಾದ ಶೀಶೆ ಇನ್ನೂ ಮನೆಯಲ್ಲಿದೆ ಎಂದಳು. ತೋರಿಸಿ ಎಂದರೆ ಪ್ರತಿಸಲ ಬೆಕ್ಕು ಬೀಳಿಸಿ ಒಡೆದದ್ದಾಗಿ ಹೇಳುತ್ತಿದ್ದಳು. ಶೀಶೆ ಇದ್ದಿರಲಿ ಬಿಡಲಿ, ಈ ಕೆರೆಯ ಮೊದಲ ಪಕ್ಷಿಸಂರಕ್ಷಕ ಆ ಕೆಮ್ಮುವ ಹುಡುಗನೇ ಎಂದು ನಾನು ನಂಬಿದ್ದೇನೆ. ಆಮೇಲೆ ಸಾಹೇಬರು ಹೋದರು, ಬಂದೂಕು ಹೋಯಿತು. ಕೆರೆಯಲ್ಲಿ ಹೂಳು ತುಂಬಿತು, ಒಂದು ಕಡೆ ಜಾಲಿ ಬೆಳೆಯಿತು. ನೀರು ಹಿಂದೆ ಸರಿದಂತೆಲ್ಲ ಸುತ್ತಲಿನ ಕೆಲವು ಮನೆಗಳವರು ಕೆರೆಯಂಗಳದಲ್ಲಿ ಕಡಲೆ ಬಿತ್ತುವುದು, ಕುರಿ ಇಳಿಸುವುದು ರೂಢಿಯಾಯಿತು. ಮಾವಶಿಯ ಮನೆಗೂ ಅಂಥ ಒಂದು ಪಟ್ಟಿ ಇತ್ತು. ಮೇಲಿನ ಹೊಲ ಮೈದುನರ ಪಾಲಿಗೆ ಹೋಗಿ, ಗಂಡ ತೀರಿಕೊಂಡ ಮೇಲೆ, ಆಕೆ ನಿಜಕ್ಕೂ ತನ್ನದು ಎನ್ನಬಹುದಾದ ನೆಲ ಅದೊಂದೇ. ಅದಕ್ಕೆ ಯಾವ ದಾಖಲೆಯೂ ಇರಲಿಲ್ಲ.

ಆ ಹೊತ್ತಿಗೆ ನಮ್ಮವರೂ ಅವರಂಥ ಇನ್ನಷ್ಟು ಹುಚ್ಚರೂ ಬರೆದು ಬರೆದು ಅರಣ್ಯ ಇಲಾಖೆಗೆ ಈ ಕೆರೆ ಕಣ್ಣಿಗೆ ಬಿದ್ದಿತ್ತು. ಪಕ್ಷಿಧಾಮ ಮಾಡುವ ಮಾತು ಎದ್ದಿತು. ಮೈಸೂರು ಕಡೆಯ ಒಬ್ಬ ರೇಂಜರ್ ಬಂದರು. ಒಳ್ಳೆಯ ಹುಡುಗ, ಸಾಫ್ಟ್ ಸ್ಪೋಕನ್, ನಮ್ಮ ಭಾಷೆ ಕೇಳಿದರೆ ಯಾರೋ ಜಗಳವಾಡುತ್ತಿದ್ದಾರೆಂದು ಗಾಬರಿಯಾಗುತ್ತಿದ್ದರು. ಊರವರನ್ನು ಕೂಡಿಸಿ ಮಾತಾಡೋಣ ಎಂದು ಔರಾದಿನ ಒಬ್ಬ ಆಟೋದವನಿಗೆ ಮೈಕ್ ಕಟ್ಟಿಕೊಂಡು ಸಾರಿಕೊಂಡು ಬರಲು ಚೀಟಿ ಕೊಟ್ಟರು: 'ಹಕ್ಕಿ ಸಂರಕ್ಷಣಾ ಸಭೆ'.

ಆಟೋದವನು ಚೀಟಿ ಓದಿದ. ಸರ್ಕಾರ ಹಕ್ಕಿಗಾಗಿ ಸಭೆ ಕರೆಯುತ್ತದೆಯೇ? ಎಲ್ಲೋ ಕಾಗುಣಿತ ತಪ್ಪಿದೆ. ರೇಂಜರ್ ಸಾಹೇಬರ ಮಾನ ಉಳಿಸಬೇಕೆಂದು ತಾನೇ ತಿದ್ದಿಕೊಂಡು ಊರೂರಿಗೆ ಸಾರಿದ: "ನಾಳೆ ಸಂಜಿಮುಂದ ಸಾಲಿ ಅಂಗಳದಾಗ ಹಕ್ಕು ಸಂರಕ್ಷಣಾ ಸಭಾ ಅದ! ಎಲ್ಲರೂ ಬರ್ರಿ!"

ಬಂದರು. ಎಂದೂ ಯಾವ ಸಭೆಗೂ ಬಾರದವರು ಬಂದರು. ಇಸ್ತ್ರಿ ಮಾಡಿದ ಧೋತರ, ಬಿಳಿ ಟೋಪಿ, ಕಂಕುಳಲ್ಲಿ ಟ್ರಂಕಿನ ವಾಸನೆಯ ಪಹಣಿಗಳು. ಶಾಲೆಯ ಅಂಗಳ ತುಂಬಿ ಗೋಡೆಯ ಮೇಲೆಲ್ಲ ಜನ. ಹಕ್ಕಿಗಳ ಮೇಲೆ ಇಷ್ಟು ಪ್ರೀತಿಯೇ ಎಂದು ರೇಂಜರ್ ಎಲ್ಲರಿಗೂ ಕೈ ಮುಗಿದರು. "ನಿಮ್ಮನ್ನೆಲ್ಲ ನೋಡಿ ಹೃದಯ ತುಂಬಿ ಬಂದಿದೆ" ಎಂದು ಹೇಳಿ, ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಮೊದಲ ಚಿತ್ರ ತೋರಿಸಿದರು. ನವಾಬನ ಸೊಸೆ, ಝುಮಕಿ ಸಮೇತ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಒಬ್ಬ ಮುದುಕ ಎದ್ದು, ಬಹಳ ವಿನಯದಿಂದ ಕೇಳಿದ:

"ಸಾಹೇಬ್ರ, ಈ ಜಮೀನು ಇದರ ಹೆಸರಿಗಿ ಆಗ್ಯಾದೇನ್ರಿ?"

ನಾನು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡೆ. ಮುಂದಿನದು ಮಾತ್ರ ನಗುವ ಮಾತಾಗಿರಲಿಲ್ಲ. ಕೆರೆಯ ಸುತ್ತ ಕಲ್ಲು ನೆಡುತ್ತೇವೆ, ತಂತಿ ಹಾಕುತ್ತೇವೆ, ಒಳಗೆ ಬಿತ್ತುವ ಹಾಗಿಲ್ಲ, ಕುರಿ ಇಳಿಸುವ ಹಾಗಿಲ್ಲ ಎಂದು ರೇಂಜರ್ ಮೆಲ್ಲನೆ ಹೇಳುತ್ತಿದ್ದಂತೆ ಅಂಗಳ ಎದ್ದುನಿಂತಿತು. "ಹಕ್ಕು ಕೊಡ್ತೀವಂತ ಕರದು ಹಕ್ಕಿ ತೋರಸ್ತೀರೇನ್ರಿ?" ಎಂದು ಒಬ್ಬ. "ಇವತ್ತ ರಾತ್ರೀನೇ ಹೋಗಿ ಜಾಲಿಗಿಡದಾಗಿನ ಗೂಡು ಕಿತ್ತಿ ಒಗೀತೇವಿ" ಎಂದು ಇನ್ನೊಬ್ಬ. ನಮ್ಮವರ ಮುಖ ಬಿಳಿಚಿಕೊಂಡಿತು. ಅವರ ಪಾಲಿಗೆ ಕೆರೆ ಹೋಗುತ್ತಿತ್ತು. ಆ ಜನರ ಪಾಲಿಗೂ ಅದೇ ಕೆರೆ ಹೋಗುತ್ತಿತ್ತು.

ಆಗ ಮಾವಶಿ ಎದ್ದಳು. ಆಕೆ ಏಳುವುದೇ ಒಂದು ಘಟನೆ.

"ಕುಂದರ್ರಿ ಎಲ್ಲಾರು. ಬಂದದ್ದು ಬಂದೇವಿ, ಎರಡೂ ಮಾತಾಡಿ ಹೋಗಮು. ಸಾಹೇಬ್ರ, ಹಕ್ಕಿಗಿ ಏನು ಬೇಕು ಹೇಳ್ರಿ. ನೀರೋ, ಮಣ್ಣೋ?"

"ಎರಡೂ ಬೇಕಮ್ಮ. ಆಳ ಇಲ್ಲದ ನೀರು, ಅದರ ಅಂಚಿನ ಕೆಸರು. ಅಲ್ಲಿ ಯಾರೂ ತೊಂದರೆ ಕೊಡಬಾರದು."

"ಒಣಾ ನೆಲ?"

"ಒಣಗಿದ ನೆಲ... ಅಷ್ಟಾಗಿ ಬೇಡ."

"ಮುಗೀತು ಮತ್ತ!" ಮಾವಶಿ ಒಂದು ಕಾಲೆತ್ತಿ ಚಪ್ಪಲಿ ತೋರಿಸಿದಳು. ದಪ್ಪ ತೊಗಲು, ಅಡಿಗೆ ಮೊಳೆ. "ಚಪ್ಪಲ್ ಹುಗದಲ್ಲಿಂದ ಆ ಕಡಿ ಹಕ್ಕಿದು. ಹುಗೀಲಾರದಲ್ಲಿ ನಮ್ದು. ಕುರಿ ಮುಂಜಾನಿ ನೀರಿಗಿ ಬರ್ತಾವ, ಹಕ್ಕಿ ಹೊಲದಿಂದ ತಿರುಗಿ ಬರೋದ್ರಾಗ ಹೋಗ್ತಾವ. ಯಾರೂ ಡಬ್ಬಿ ಬಡಿಯಂಗಿಲ್ಲ. ನೀವು ತಂತಿ ಹಾಕಂಗಿಲ್ಲ."

"ಅಮ್ಮ, ಗಡಿ ಅಂದ ಮೇಲೆ ಕಲ್ಲು ನೆಡಬೇಕಾಗುತ್ತೆ..."

"ಕಲ್ಲು ನಡೀತದೇನ್ರಿ ಸಾಹೇಬ್ರ? ನೀರು ನಡೀತದ. ಗಡೀನೂ ನೀರಿನ ಬೆನ್ನ ಹತ್ತಿ ನಡೀಬೇಕು."

ಯಾರ ಚಪ್ಪಲಿ ಎಂಬುದಕ್ಕೆ ಮತ್ತೆ ಅರ್ಧ ಗಂಟೆಯ ಜಗಳ. ಗಂಡಸರು ಹಗುರವಾಗಿ ಕಾಲಿಟ್ಟು ಮೋಸ ಮಾಡುತ್ತಾರೆ, ರೇಂಜರರ ಬೂಟು ಮೂರು ದಿನ ಒಣಗಿದ ನೆಲದಲ್ಲೂ ಹೂತುಹೋಗುತ್ತದೆ. ಕೊನೆಗೆ ಆಕೆಯದೇ. "ನನ್ನಷ್ಟು ತೂಕದ ಮನಷ್ಯಾ ಈ ಊರಾಗ ಇನ್ನೊಬ್ಬರು ಇದ್ರ ತೋರಸ್ರಿ" ಎಂದಳು, ಯಾರೂ ತೋರಿಸಲಿಲ್ಲ. ಪ್ರತಿ ಸೋಮವಾರ ಗುಡಿಗೆ ಹೋಗಿ ಬಂದು ಮಾವಶಿ ನಡೆಯಬೇಕು. ಚಪ್ಪಲಿ ಹೂತಲ್ಲೆಲ್ಲ ಇಲಾಖೆಯವರು ಕೆಂಪು ಬಟ್ಟೆ ಕಟ್ಟಿದ ಕೋಲು ನೆಡಬೇಕು. ರೇಂಜರ್ ತಮ್ಮ ಮೇಲಿನವರಿಗೆ ಇದನ್ನು ಯಾವ ಇಂಗ್ಲಿಷಿನಲ್ಲಿ ಬರೆದು ಒಪ್ಪಿಸಿದರೋ, ಪೂರ್ ಫೆಲೋ, ನನಗೆ ಗೊತ್ತಿಲ್ಲ.

ಕೂರುವಾಗ ಮಾವಶಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ತಿಳೀತೇನ್ರಿ ಟೀಚರಬಾಯಿ? ಚಳಿಗಾಲ ಪೂರಾ ನೀರು ಹಿಂದಕ್ಕೇ ಸರೀತದ. ಸಂಕ್ರಾಂತಿ ಬರೋದ್ರಾಗ ಅರ್ಧಾ ಕೆರಿ ನಮ್ದೇ. ಸಾಹೇಬ ಇನ್ನಾ ಸಣ್ಣಾವ, ಅವಗ ತಿಳೀಲಿಲ್ಲ." ಹೇಳಿ ಕಣ್ಣು ಹೊಡೆದಳು. ಅದು ಚೌಕಾಶಿ. ಅದರಲ್ಲಿ ಹಕ್ಕಿಯ ಮೇಲಿನ ಪ್ರೀತಿ ಎಷ್ಟಿತ್ತೋ, ನೆಲದ ಮೇಲಿನ ಆಸೆಯೂ ಅಷ್ಟೇ ಇತ್ತು.

ಮೊದಲ ಚಳಿಗಾಲ ಆಕೆಯ ಲೆಕ್ಕದಂತೆಯೇ ನಡೆಯಿತು. ಸೋಮವಾರ ಸೋಮವಾರ ಗಡಿ ಒಳಗೊಳಗೆ ಸರಿಯಿತು, ಕಡಲೆ ಹಿಂದೆ ಹಿಂದೆ ಬಂತು. ಮಾವಶಿ ಸೇನಾಪತಿಯಂತೆ ಮುಂದೆ, ಅರಣ್ಯ ಇಲಾಖೆ ಕೋಲು ಹೊತ್ತುಕೊಂಡು ಹಿಂದೆ. ನಾನೂ ಹಿಂದೆ. "ಟೀಚರಬಾಯಿ, ನೀವು ನಡದಲ್ಲಿ ಹುಲ್ಲೂ ಬಗ್ಗಲ್ದು. ನಿಮ್ಮ ಚಪ್ಪಲ್ ಮ್ಯಾಲ ನಂಬಿಗಿ ಇಟ್ರ ಹಕ್ಕಿಗೋಳು ಪಾಪರ್ ಆಗ್ತಾವ" ಎಂದು ನಗಿಸುತ್ತಿದ್ದಳು. ಹಕ್ಕಿಗಳಿಗೂ ಒಗ್ಗಿತು. ನೀರಿನ ಅಂಚಿನ ಹಸಿಕೆಸರು ಸದಾ ಅವುಗಳದೇ. ಚೂಡಿದಾರಗಳು ಅಲ್ಲಿ ದಿನವಿಡೀ ಕೊಕ್ಕು ಹಾಕಿಕೊಂಡಿರುತ್ತಿದ್ದವು.

ಮರುವರ್ಷ ದೀಪಾವಳಿ ಕಳೆದು, ಕಡಲೆ ಮೊಳೆತು ಗೇಣುದ್ದ ಎದ್ದ ಮೇಲೆ, ಯಾರೂ ಕರೆಯದ ಮಳೆ ಬಂತು. ಸತತವಾಗಿ ಸುರಿಯಿತು. ಹಿಂದೆ ಸರಿಯಬೇಕಾದ ನೀರು ಮುಂದೆ ಬಂತು.

ಆ ಸೋಮವಾರ ನಾವು ಹೋದಾಗ ದಂಡೆಯ ಮೇಲೆ ಇಡೀ ಊರು ನಿಂತಿತ್ತು. ಮಾವಶಿಯ ಪಟ್ಟಿಯೇ ಎಲ್ಲಕ್ಕಿಂತ ತಗ್ಗಿನದು. ನೀರು ಅದರ ತುದಿ ಮುಟ್ಟಿ ನಿಂತಿತ್ತು; ಕಡಲೆ ಮುಳುಗಿರಲಿಲ್ಲ, ಕಾಲಡಿಯ ನೆಲ ಮಾತ್ರ ತೊಯ್ದು ಕರಿಯಾಗಿತ್ತು. ಆಕೆಯ ಮೈದುನರಿಬ್ಬರೂ ಕುರಿ ಹಿಂಡು ಹಿಡಿದುಕೊಂಡು ಮೇಲೆ ಕಾಯುತ್ತಿದ್ದರು. ಅವರು ಏನನ್ನು ಕಾಯುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಮಾವಶಿ ಇಂದು ಗಡಿ ತಪ್ಪಿಸಿದರೆ, ನಾಳೆಯಿಂದ ಯಾರಿಗೂ ಗಡಿ ಇಲ್ಲ.

"ವೈನಿ, ಮಳಿ ಬಂದದ್ದು ನಿಮ್ಮ ತಪ್ಪೇನ್ರಿ?" ಎಂದ ದೊಡ್ಡ ಮೈದುನ, ಬಹಳ ಪ್ರೀತಿಯಿಂದ. "ಆ ಒಡ್ಡಿನ ಮ್ಯಾಲಿಂದ ನಡೀರಿ. ಅಲ್ಲಿ ಗಟ್ಟಿ ಅದ."

ರೇಂಜರ್ ಕೂಡ ಬೇರೆ ಕಡೆ ತಿರುಗಿ ಏನೋ ಹಕ್ಕಿ ನೋಡುವವರಂತೆ ನಿಂತರು. ದೇವರಾಣೆ, ನಾನೂ ಮನಸ್ಸಿನಲ್ಲಿ ಆಕೆಗೆ ಹೇಳುತ್ತಿದ್ದೆ: ಲೈಟ್ಲಿ, ಮಾವಶಿ, ಲೈಟ್ಲಿ.

ಮಾವಶಿ ಒಡ್ಡಿನ ಕಡೆ ನೋಡಿದಳು. ತನ್ನ ಕಡಲೆಯ ಕಡೆ ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಸೀದಾ ಸಾಲುಗಳ ನಡುವೆ ಇಳಿದು, ಎಂದಿನ ಹಾಗೇ ಧಪ್ ಧಪ್ ಎಂದು ನಡೆದಳು.

ಪಚಕ್.

ಎಳೆದಳು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಒಂದು ಕಾಲನ್ನು ಮೇಲೆತ್ತಿಕೊಂಡು, ಕೈ ಅಗಲಿಸಿ, ಅಷ್ಟು ದೊಡ್ಡ ಹೆಂಗಸು ಕೊಕ್ಕರೆಯಂತೆ ನಿಂತಿದ್ದಳು. ದಂಡೆಯ ಮೇಲೆ ಯಾರೋ ಕಿಸಕ್ಕೆಂದರು.

"ನಗ್ರಿ, ನಗ್ರಿ. ನಿಮ್ಮ ಚಪ್ಪಲ್ಲೂ ಹುಗೀತಾವ ಒಂದಿನ." ಆಕೆಯ ದನಿ ಒಂದು ಕ್ಷಣ ಸಣ್ಣದಾಯಿತು. "ಹೋತ್ರಿ ನನ್ನ ಕಡ್ಲಿ." ಮತ್ತೆ ತಕ್ಷಣ ಎಂದಿನ ಗಂಟಲು: "ಏನ್ ನೋಡ್ಲಾಕತ್ತೀರಿ ಸಾಹೇಬ್ರ? ಕೋಲ ತರ್ರಿ! ಇಲ್ಲಿಗಿ ಬಂತು ಗಡಿ!"

ಬಗ್ಗಿ ಚಪ್ಪಲಿ ಕಿತ್ತುಕೊಂಡು, ಕೋಲನ್ನು ತಾನೇ ಕಸಿದುಕೊಂಡು ತನ್ನ ಪಟ್ಟಿಯ ಈಚೆ ಬದಿಗೆ ಊರಿದಳು. ಮೇಲಿದ್ದ ಮೈದುನರು ಕುರಿಗಳನ್ನು ತಿರುಗಿಸಿಕೊಂಡು ಹೋದರು. ನಮ್ಮವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಮಂಜು ಹಿಡದಾದ" ಎಂದರು. ಬಿಸಿಲು ಬಿದ್ದಿತ್ತು.

ಆ ಚಳಿಗಾಲವೆಲ್ಲ ಆ ನೆಲ ಒಣಗಲೇ ಇಲ್ಲ; ನವಾಬನ ಸೊಸೆಯರು ಆಕೆಯ ಕಡಲೆಯಲ್ಲಿ ನಿಂತು ಊಟ ಮಾಡಿದರು. ಮಾವಶಿ ದಂಡೆಯ ಮೇಲೆ ಕಾಲು ಚಾಚಿ ಕೂತು ಸೊಸೆಯರ ಮೇಲೆ ಅತ್ತೆ ಹರಿಹಾಯ್ದಂತೆ ಹರಿಹಾಯುತ್ತಿದ್ದಳು. "ತಿನ್ರೆವ್ವಾ, ತಿನ್ರಿ. ತವರಮನ್ಯಾಗ ಏನೂ ಹಾಕಿಲ್ಲ ಕಾಣ್ತದ. ಹೇ ಝುಮಕಿ, ನೀ ಆಗಿಂದ ತಿನ್ಲಾಕತ್ತೀದಿ, ಜರಾ ಬ್ಯಾರೆಯವಕ್ಕ ಬಿಡು!" ಚಳಿಗಾಲ ಮುಗಿದು ಅವೆಲ್ಲ ಎದ್ದುಹೋದ ಮೇಲೆ ಉಳಿದ ಗಿಡಗಳನ್ನು ಒಂದು ಸೆರಗು ತುಂಬ ಕಿತ್ತು, ಸುಟ್ಟು, ನನ್ನ ಕೈಗಿಟ್ಟಳು. "ನವಾಬನ ಮನಿ ಎಂಜಲ್ರಿ. ತಿನ್ರಿ." ಅದರ ಮುಂದೆ ಯಾವ ವರ್ಷವೂ ಆ ಕೆಂಪು ಬಟ್ಟೆಯ ಬಗ್ಗೆ ಊರಿನಲ್ಲಿ ತಕರಾರು ಬರಲಿಲ್ಲ.

ಬೋರ್ಡು ಬಂತು. ವಾಚ್ ಟವರ್ ಬಂತು. ರವಿವಾರದ ಜನ ಬಂದರು. ಹಾಡು ಹಚ್ಚಿದ ಕಾರುಗಳಿಗೆ ಮಾವಶಿ ಅಡ್ಡ ನಿಂತು, "ಮಂಗಳವೇಡಾದಿಂದ ಬಂದವ್ರು ಮಲಗ್ಯಾರ, ಬಂದ್ ಮಾಡ್ರಿ" ಎನ್ನುತ್ತಿದ್ದಳು. ಯಾರೋ ದೊಡ್ಡ ಮನುಷ್ಯರು ಮಲಗಿದ್ದಾರೆಂದು ಅವರು ಹೆದರಿ ಬಂದ್ ಮಾಡುತ್ತಿದ್ದರು. ರೇಂಜರಿಗೆ ವರ್ಗವಾಯಿತು. ನಮ್ಮವರು ಒಂದು ಬೇಸಿಗೆಯಲ್ಲಿ, ಹಕ್ಕಿಗಳೆಲ್ಲ ಹೋದ ಮೇಲೆ, ತಾವೂ ಹೋದರು. ಮಾವಶಿ ಚಿದ್ರಿಗೆ ಬಂದು ನನ್ನ ಪಕ್ಕ ಕೂತಳು. ಒಂದೇ ಒಂದು ಮಾತೂ ಆಡಲಿಲ್ಲ. ಆಕೆಯ ಬಾಳಿನಲ್ಲಿ ಅದು ರೆಕಾರ್ಡ್ ಇರಬೇಕು.

ಆಕೆಯನ್ನು ಕೊನೆಯ ಸಲ ನಾನು ಕಂಡದ್ದು ಭಾಲ್ಕಿಯಲ್ಲಿ, ಮಗಳ ಮನೆಯ ಮಾಳಿಗೆಯ ಕೋಣೆಯಲ್ಲಿ. ಜಾರಿ ಬಿದ್ದು ಸೊಂಟ ಮುರಿದಿತ್ತು. ಮಂಚದ ಮೇಲೆ ಆಕೆ ಅರ್ಧದಷ್ಟಾಗಿದ್ದಳು. ಗಂಟಲು ಮಾತ್ರ ಪೂರ್ತಿ ಇತ್ತು.

"ಬರ್ರಿ ಟೀಚರಬಾಯಿ. ಮದಲ ಇದು ಹೇಳ್ರಿ, ಈ ಸಲ ಎಲ್ಲಿ ಹುಗೀತು?"

ಯಾರೂ ನಡೆದಿಲ್ಲ ಎಂದೆ. ಹೊಸ ಸಾಹೇಬರು ಬಂದಿದ್ದಾರೆ, ಮತ್ತೆ ಕಲ್ಲು ನೆಡುವ ಮಾತಾಡುತ್ತಿದ್ದಾರೆ ಎಂದೆ.

"ಕಲ್ಲು!" ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ಮತ್ತೆ ನನ್ನ ಕಡೆ ತಿರುಗಿ, "ಮೊಮ್ಮಗಳು ಮೊಬೈಲ್‌ನಾಗ ತೋರಿಸ್ಯಾಳ್ರಿ. ಮಂಗಳವೇಡಾ ಅಲ್ಲಂತಲ್ಲ ಅದು. ಮಂಗೋ ಏನೋ. ನಕಾಶೆದಾಗ ಭಾಳ ಮ್ಯಾಲ ಅದ."

"ಹೌದು ಮಾವಶಿ."

"ಸಾಹೇಬ್ರಿಗಿ ಗೊತ್ತಿತ್ತೇನು?"

"ಗೊತ್ತಿತ್ತು."

ಆಕೆ ನಕ್ಕಳು. "ಇರಲಿ. ಅಷ್ಟು ದೂರದಿಂದ ಬರ್ತಾವಂದ್ರ ಇನ್ನಾ ಹೆಚ್ಚು ಹಸದಿರ್ತಾವ ಬಿಡ್ರಿ." ಆಮೇಲೆ ಮಂಚದ ಕೆಳಗೆ ಕೈ ತೋರಿಸಿದಳು. ಅಲ್ಲಿ ಬಟ್ಟೆಯಂಗಡಿಯ ಚೀಲವೊಂದರಲ್ಲಿ ಆ ಚಪ್ಪಲಿಗಳಿದ್ದವು, ಎಣ್ಣೆ ಹಚ್ಚಿ ಒರೆಸಿಟ್ಟವು.

"ಬರೋ ಸೋಮವಾರ ನೀವು ನಡೀರಿ."

"ನಾನಾ? ಡೋಂಟ್ ಬಿ ಸಿಲ್ಲಿ ಮಾವಶಿ. ನನ್ನ ತೂಕ ಎಷ್ಟದ? ನೀವೇ ಅಂತೀರಿ, ಹುಲ್ಲೂ ಬಗ್ಗಲ್ದು ಅಂತ."

"ಹಾಕ್ಕೊಳ್ರಿ."

ಹಾಕಿಕೊಂಡೆ. ಕಾಲಿಗೆ ಬಹಳ ದೊಡ್ಡವು. ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆಸಿ ನೋಡಿ, ತಲೆ ಅಲ್ಲಾಡಿಸಿದಳು. ಮಗಳು ಛಾ ತಂದಳು. ಸಕ್ಕರೆ ಕಡಿಮೆಯಾಗಿದೆ ಎಂದು ಮಾವಶಿ ಬೈದಳು. ಬಸ್ಸಿನ ಹೊತ್ತಾಯಿತೆಂದು ಎದ್ದೆ. ನನ್ನ ಸ್ಯಾಂಡಲ್ಲುಗಳನ್ನು ಚೀಲಕ್ಕೆ ಹಾಕಿಕೊಂಡು, ಆಕೆಯ ಚಪ್ಪಲಿಯಲ್ಲೇ, ಗೋಡೆ ಹಿಡಿದು ಮೆಟ್ಟಿಲಿಳಿಯತೊಡಗಿದೆ. ಎಷ್ಟೆಂದರೂ ಕಾನ್ವೆಂಟಿನ ಕಾಲು, ಸದ್ದೇ ಇಲ್ಲ.

ಮೇಲಿನಿಂದ ಗಂಟಲು ಬಂತು, ಮನೆಯ ಗೋಡೆಗಳೆಲ್ಲ ಕೇಳುವಂತೆ.

"ಕೇಳಸಲ್ದು! ಒತ್ತಿ ನಡಿ! ಏ ಹುಡುಗಿ, ಒತ್ತಿ ನಡಿ!"

ಒತ್ತಿ ನಡೆದೆ. ಧಪ್, ಧಪ್, ಧಪ್, ಬೀದಿಯ ಬಾಗಿಲಿನ ತನಕ.